171ನೆಯ ಹೆಸರು



ನನ್ನ ಕೆನಡಾದ ಸಹೋದ್ಯೋಗಿಗಳಿಗೆ ಜೂನ್ ಬಂತೆಂದರೆ ಒಂದೇ ವಾದ: ಐಸ್ ಹಾಕಿ ಡ್ರಾಫ್ಟ್‌ನಲ್ಲಿ ತಮ್ಮ ತಂಡ ಯಾವ ಹುಡುಗನನ್ನು ಆರಿಸಬೇಕು? ಹದಿನೆಂಟರ ಆಸುಪಾಸಿನವರ ಎತ್ತರ, ವೇಗ, ಗೋಲು ಎಲ್ಲ ತೂಗುತ್ತಾರೆ. ಮಾತೆಲ್ಲ ಮೊದಲ ಹತ್ತು ಹೆಸರುಗಳ ಮೇಲೆಯೇ.

ಆದರೆ 1998ರಲ್ಲಿ ಡೆಟ್ರಾಯಿಟ್ ತಂಡ ರಷ್ಯಾದ ಪಾವೆಲ್ ದಾತ್ಸುಕ್‌ನನ್ನು ಆರಿಸಿದ್ದು 171ನೆಯವನಾಗಿ. ಸ್ಕೌಟ್ ಹಾಕನ್ ಆಂಡರ್ಸನ್ ನೋಡಲು ಹೋಗಿದ್ದು ಬೇರೊಬ್ಬನನ್ನು; ಕಣ್ಣಿಗೆ ಬಿದ್ದವನು ಈ ಸಣ್ಣ ಮೈಕಟ್ಟಿನ ಹುಡುಗ. ಮುಂದೆ 2002, 2008ರಲ್ಲಿ ಸ್ಟಾನ್ಲಿ ಕಪ್ ಗೆದ್ದ ತಂಡದಲ್ಲಿ ಅವನಿದ್ದ.

ನಮ್ಮೂರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಮೊದಲ ಮೂವರಿಗಷ್ಟೇ ಹಾರ. ಪಟ್ಟಿಯ ಕೆಳಗಿನ ಮಕ್ಕಳನ್ನು ಕೂಲಿಗೆ ಕಳಿಸುವ ಮೊದಲು, ಅವರೇನು ಮಾಡಬಲ್ಲರೆಂದು ಮನೆಗೇ ಹೋಗಿ ನೋಡೋಣ. ಮರುಪರೀಕ್ಷೆಯ ಶುಲ್ಕವನ್ನು ಹಳೆಯ ವಿದ್ಯಾರ್ಥಿಗಳಾದ ನಾವು ಕಟ್ಟೋಣ.