ಗೂಡಿನ ಹಣ, ಹಬ್ಬದ ಸಾಲ



ಸಾದಲಿಯ ಹೊಲಗಳಲ್ಲಿ ರಾಗಿ ತೆನೆ ಬಲಿಯುತ್ತಿದೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಿಂದ ಕೈಗೆ ಹಣ ಬರುತ್ತಿದೆ. ಕ್ರಿಸ್ತಜಯಂತಿಗೆ ಇನ್ನು ಎರಡೇ ತಿಂಗಳು. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುತ್ತಾನಲ್ಲವೇ ಎಂದು ಯೇಸುಸ್ವಾಮಿ ಕೇಳಿದ್ದನ್ನು ಸಂತ ಲೂಕರ ಶುಭಸಂದೇಶದಲ್ಲಿ ಓದುತ್ತೇವೆ. ನಾವೂ ಇಂದೇ ಕುಳಿತು ಲೆಕ್ಕ ಹಾಕೋಣ.

ಚಳಿ ಬಿದ್ದರೆ ಹಿಪ್ಪುನೇರಳೆ ಚಿಗುರುವುದು ನಿಧಾನ, ಹುಳು ಹಣ್ಣಾಗುವುದು ತಡ, ಹುಳುಮನೆಗೆ ಶಾಖವೂ ಬೇಕು. ಬಡ್ಡಿ ಮಾತ್ರ ಚಳಿಗೆ ನಿಧಾನವಾಗುವುದಿಲ್ಲ! ಹಬ್ಬದ ಬಟ್ಟೆಗೆಂದು ಓಲೆ ಅಡವಿಟ್ಟರೆ ಜನವರಿಯ ಗೂಡು ಅದಕ್ಕೇ ಹೋಗುತ್ತದೆ.

ಆದ್ದರಿಂದ ಮೊದಲು ಮುಂದಿನ ಮೊಟ್ಟೆಯ ಖರ್ಚು, ಸಾಲದ ಕಂತು, ಮಕ್ಕಳ ಫೀಸು ತೆಗೆದಿಡಿ. ಗಂಡಹೆಂಡಿರು ಕೂಡಿ ಎಣಿಸಿ. ಉಳಿದುದರಲ್ಲಿ ಹಬ್ಬ, ಅದರಲ್ಲೂ ನೆರೆಯ ಬಡವರಿಗೆ ಒಂದು ಸೇರು ರಾಗಿ. ಗೋದಲಿಯಲ್ಲಿ ಹುಟ್ಟಿದ ಬಾಲಯೇಸು ಸಾಲದ ಸಡಗರ ಕೇಳುವುದಿಲ್ಲ. ಆಮೆನ್.