ಹಗೆಯ ಸರಕು, ನಮ್ಮ ಕೈಯ ಸಾಗಣೆ
(ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ಎರಡು ಮಸೀದಿಗಳಲ್ಲಿ ಪ್ರಾರ್ಥನೆಗೆ ನೆರೆದಿದ್ದವರ ಮೇಲೆ ಒಬ್ಬನು ಗುಂಡಿನ ಮಳೆಗರೆದನು. 51 ಮಂದಿ ಸತ್ತರು. ಈ ಘೋರವನ್ನು ಅವನು ಫೇಸ್‌ಬುಕ್ಕಿನಲ್ಲಿ 17 ನಿಮಿಷ ನೇರವಾಗಿ ತೋರಿಸಿದನು. ಆಗ ನೋಡಿದವರು 200ಕ್ಕೂ ಕಡಿಮೆ. ಆದರೆ 24 ಗಂಟೆಗಳಲ್ಲಿ ಕಂಪನಿ ತಡೆದ, ಅಳಿಸಿದ ಪ್ರತಿಗಳು 15 ಲಕ್ಷ! ಇವನ್ನು ಹಂಚಿದ್ದು ಕೊಲೆಗಾರನಲ್ಲ, ಜನರ ಕೈ.

ಈ ವಿಷ ಕತ್ತಲ ಮೂಲೆಯಲ್ಲಷ್ಟೇ ಇದೆಯೆಂದು ನಾವು ತಿಳಿದಿದ್ದೆವು. ಅವನಿಗೆ ಹೆಚ್ಚಿನ ಪ್ರೇರಣೆ ಸಿಕ್ಕಿದ್ದು ಎಲ್ಲರೂ ನೋಡುವ ಯೂಟ್ಯೂಬಿನಿಂದ ಎಂದು ಆ ದೇಶದ ರಾಯಲ್ ಆಯೋಗ 2020ರಲ್ಲಿ ಹೇಳಿತು. 2022ರಲ್ಲಿ ಅಮೆರಿಕದ ಬಫಲೋದಲ್ಲಿ 10 ಮಂದಿ ಕಪ್ಪು ಜನರನ್ನು ಕೊಂದವನು ಇವನನ್ನೇ ಮಾದರಿ ಎಂದನು.

ಕಂಪನಿಗಳ ಗಳಿಕೆ ಜಾಹೀರಾತಿನಿಂದ. ಕಣ್ಣು ನಿಂತಷ್ಟು ಹೊತ್ತು ಲಾಭ. ಸಿಟ್ಟು ಕಣ್ಣನ್ನು ಕಟ್ಟಿಹಾಕುತ್ತದೆ. ಕಲಬೆರಕೆ ಮಾರಿದ ಚಿಲ್ಲರೆ ಅಂಗಡಿಯವನಿಗೆ ದಂಡ ಹಾಕುವ ಸರ್ಕಾರ ಇವರನ್ನೂ ಕಟಕಟೆಗೆ ತರಬೇಕು. ಇದು ನಮ್ಮ ಬೇಡಿಕೆ.

ನಾವೇನೂ ದೂರದಲ್ಲಿಲ್ಲ. 2012ರ ಆಗಸ್ಟಿನಲ್ಲಿ ಮೊಬೈಲ್ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರು ಬಿಟ್ಟು ರೈಲು ಹತ್ತಿದರು. ಅವರಲ್ಲಿ ಬಹುಮಂದಿ ನಮ್ಮಂತೆ ದುಡಿದು ತಿನ್ನುವವರೇ.

ಆದ್ದರಿಂದ ಬಂಧುಗಳೇ, ಹಗೆಯ ಸುದ್ದಿ ಬಂದರೆ ಮುಂದಕ್ಕೆ ಕಳಿಸಬೇಡಿ. ಕಳಿಸಿದ ಹುಡುಗನನ್ನು ದೂರ ತಳ್ಳಬೇಡಿ. ಪಕ್ಕದಲ್ಲಿ ಕೂರಿಸಿ ಮಾತಾಡಿಸಿ. ಕೆಲಸವಿಲ್ಲದ ಹುಡುಗನಿಗೆ ನಮ್ಮ ಸಂಘದ ಬಾಗಿಲು ಮುಚ್ಚಿದರೆ, ಆ ಬಾಗಿಲು ತೆರೆದೇ ಇರುತ್ತದೆ.