ಗಿಡ ಮೊದಲು, ಮೀನು ಆಮೇಲೆ

ಮನೆಯಲ್ಲಿ ಗಿಡ ತುಂಬಿದ ಅಕ್ವೇರಿಯಂ ಇಡುವ ಆಸೆ ಇದೆಯೇ? ಹಾಗಾದರೆ ನಮ್ಮ ಲಂಡನ್ನಿನದೇ ಒಂದು ಹಳೆಯ ಕಥೆ ಕೇಳಿ.

1849ರಲ್ಲಿ ಬ್ಲ್ಯಾಕ್‌ಫ್ರಯರ್ಸ್‌ನ ಅಪಾಥೆಕರೀಸ್ ಹಾಲ್‌ನಲ್ಲಿದ್ದ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಒಂದು ಪ್ರಯೋಗ ಮಾಡಿದರು. ಹನ್ನೆರಡು ಗ್ಯಾಲನ್, ಅಂದರೆ ಸುಮಾರು 55 ಲೀಟರ್ ಹಿಡಿಸುವ ಪಾತ್ರೆಯಲ್ಲಿ ವ್ಯಾಲಿಸ್ನೇರಿಯಾ ಎಂಬ ನೀರುಗಿಡ ನೆಟ್ಟು, ಎರಡು ಪುಟ್ಟ ಗೋಲ್ಡ್‌ಫಿಶ್ ಬಿಟ್ಟರು. ಗಿಡದ ಆಮ್ಲಜನಕ ಮೀನಿಗೆ, ಮೀನಿನ ಇಂಗಾಲದ ಡೈಆಕ್ಸೈಡ್ ಗಿಡಕ್ಕೆ, ಲೆಕ್ಕ ಸರಿಯಾಗಿತ್ತು. ಆದರೆ ಹಳೆಯ ಎಲೆಗಳು ಕೊಳೆತು ನೀರು ಕೆಟ್ಟಿತು. ಆಗ ಅವರು ಕೆಲವು ಬಸವನಹುಳು ಬಿಟ್ಟರು. ಅವು ಕೊಳೆತದ್ದನ್ನು ತಿಂದವು, ಅವುಗಳ ಮೊಟ್ಟೆ ಮೀನಿಗೆ ಆಹಾರವಾಯಿತು, ನೀರು ತಿಳಿಯಾಯಿತು. ಬಾವಿಗೆ ಮೀನು, ಆಮೆ ಬಿಡುತ್ತಿದ್ದ ನಮ್ಮ ಊರಿನ ಹಿರಿಯರಿಗೆ ಈ ಲೆಕ್ಕ ಹೊಸದಲ್ಲ.

ನಿಮ್ಮ ತೊಟ್ಟಿಗೂ ಅದೇ ಪ್ರಶ್ನೆ: ಕೊಳೆಯನ್ನು ತಿನ್ನುವವರು ಯಾರು? ಮೀನಿನ ಮಲದಿಂದ ಅಮೋನಿಯಾ ಹುಟ್ಟುತ್ತದೆ, ಅದು ವಿಷ. ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಅವು ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ತೊಟ್ಟಿ, ಮೀನು ಎರಡನ್ನೂ ಒಂದೇ ದಿನ ತಂದರೆ ಸಾಯುವುದು ಮೀನು.

ಆದ್ದರಿಂದ ಮೊದಲ ದಿನವೇ ಒತ್ತೊತ್ತಾಗಿ ಗಿಡ ನೆಡಿ. ಗಿಡಗಳು ಅಮೋನಿಯಾವನ್ನೇ ಗೊಬ್ಬರವಾಗಿ ಹೀರುತ್ತವೆ, ಪಾಚಿಗೆ ಏನೂ ಉಳಿಸುವುದಿಲ್ಲ. ಬ್ಯಾಕ್ಟೀರಿಯಾಗಳಿಗೆಂದು ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿ. ನಿಮ್ಮ ಕೆಟಲ್‌ನೊಳಗಿನ ಬಿಳಿ ಪದರ ನೋಡಿದ್ದೀರಲ್ಲ? ಲಂಡನ್ನಿನ ನೀರು ಅಷ್ಟು ಗಡಸು. ಅದು ವ್ಯಾಲಿಸ್ನೇರಿಯಾಕ್ಕೆ ಒಗ್ಗುತ್ತದೆ. ಜಾವಾ ಫರ್ನ್, ಅನುಬಿಯಾಸ್ ಕೂಡ ಹೊಂದಿಕೊಳ್ಳುತ್ತವೆ.

ದೀಪ ದಿನಕ್ಕೆ ಆರು ಗಂಟೆ ಸಾಕು, ಹೆಚ್ಚಾದರೆ ಪಾಚಿ. ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಿಸಿ, ನಲ್ಲಿ ನೀರಿನ ಕ್ಲೋರಿನ್ ತೆಗೆಯುವ ದ್ರಾವಣ ಸೇರಿಸಿ. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿಯಬೇಡಿ, ಬ್ಯಾಕ್ಟೀರಿಯಾ ಸಾಯುತ್ತವೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ.

ಕತ್ತರಿಸಿದ ಗಿಡವನ್ನು ಕಾಲುವೆಗೆ ಎಸೆಯಬೇಡಿ. ಹೀಗೆ ಮನೆಗಳಿಂದ ಹೊರಬಿದ್ದ ಫ್ಲೋಟಿಂಗ್ ಪೆನಿವರ್ಟ್ ಇಂಗ್ಲೆಂಡಿನ ಎಷ್ಟೋ ನದಿ ಕಾಲುವೆಗಳನ್ನು ಮುಚ್ಚಿಹಾಕಿತು. 2014ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಬೇಕಾಯಿತು.

ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದು ಅಲ್ಲೇ ನಿಂತ ಮೇಲೆ ಅಂಗಡಿಗೆ ಹೋಗಿ. ಮೀನನ್ನು ನಾಲ್ಕೈದರಂತೆ ತನ್ನಿ. ಅಲ್ಲಿಯವರೆಗೆ ಗಿಡ ಬೆಳೆಯುವುದನ್ನು ನೋಡುತ್ತಿರಿ, ಬೇಸರವಾಗುವುದಿಲ್ಲ.